ಗಿಡದ ಬೆಂಚಿಗೆ ಬಸ್ಸು ನಿಂತಿತು

ಮಳೆ ಬಂದರೆ ಮೂಡಲಗಿ ಸೀಮೆಯೆಲ್ಲ ಹಿಗ್ಗುತ್ತದೆ, ನಮ್ಮವರೊಬ್ಬರು ಮಾತ್ರ ಅಳುಮೋರೆ ಹಾಕುತ್ತಾರೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆಯನ್ನು ಯಾರೋ ನಮ್ಮ ಪಡಸಾಲೆಯಲ್ಲಿ ಕೂತೇ ಕಟ್ಟಿರಬೇಕು. ಕಬ್ಬಿನವರೆಲ್ಲ ಮಿರಗದ ಮಳೆಗೆ ಮುಗಿಲು ನೋಡಿ ಕೈಮುಗಿಯುವ ಹೊತ್ತಿನಲ್ಲಿ ಇವರು ಅದೇ ಮುಗಿಲಿಗೆ "ಸಾಕ್ ಮಾಡೋ ಮಾರಾಯಾ" ಎಂದು ಗದರುತ್ತ ಕೊಡೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ಕೊಡೆ ತಮಗಲ್ಲ, ಗಿಡಗಳಿಗೆ.

ನಮ್ಮವರು ಅಂದರೆ ನನ್ನ ಗಂಡ. ಹೆಸರು ನಾನು ಹೇಳುವುದಿಲ್ಲ, ಹೇಳಿ ರೂಢಿಯಿಲ್ಲ. ಮುಂದೆ ಒಂದು ಕಡೆ ಬಣ್ಣದಲ್ಲಿ ಬರೆದದ್ದು ಬರುತ್ತದೆ, ಅಲ್ಲಿ ಓದಿಕೊಳ್ಳಿ. ನನ್ನ ಹೆಸರು ದಾನೇಶ್ವರಿ. ಇವರು ಧುಪದಾಳದ ಒಡ್ಡಿನ ಮೇಲೆ ಗೇಟು ಏರಿಸುವ, ಇಳಿಸುವ ಕೆಲಸದಲ್ಲಿದ್ದವರು. ಒಡ್ಡಿನ ಕಲ್ಲುಗಳ ಸಂದಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಆಲ, ಅರಳಿ, ಬಸರಿ ಮೊಳೆಯುತ್ತವೆ. ಬಿಟ್ಟರೆ ಬೇರು ಕಲ್ಲನ್ನೇ ಸೀಳುತ್ತದೆ, ಅದಕ್ಕೇ ಆಗಾಗ ಕಿತ್ತು ಹಾಕಬೇಕು. ಎಲ್ಲರೂ ಕಿತ್ತು ನೀರಿಗೆ ಎಸೆದರು, ಇವರು ಕಿತ್ತು ಬುತ್ತಿಯ ಡಬ್ಬಿಯಲ್ಲಿ ಇಟ್ಟುಕೊಂಡು ಮನೆಗೆ ತಂದರು. ರೊಟ್ಟಿ ತುಂಬಿ ಕಳಿಸಿದ ಡಬ್ಬಿಯಿಂದ ಸಂಜೆ ಆಲದ ಮರ ಹೊರಬಂದರೆ ಹೆಂಡತಿಯಾದವಳಿಗೆ ಏನನ್ನಿಸಬೇಕು, ನೀವೇ ಹೇಳಿ.

ಆಮೇಲೆ ಯಾವುದೋ ಮಾಸಪತ್ರಿಕೆಯಲ್ಲಿ ಬೋನ್ಸಾಯ್ ಎಂಬ ಶಬ್ದ ಸಿಕ್ಕಿತು, ಕೆಲಸ ಕೆಟ್ಟಿತು. ಹುಚ್ಚಿಗೆ ಒಂದು ಹೆಸರು ಸಿಕ್ಕರೆ ಅದು ವಿದ್ಯೆಯಾಗಿಬಿಡುತ್ತದೆ. ಚಪ್ಪಟೆ ಕುಂಡ ಬಂದವು, ತಾಮ್ರದ ತಂತಿ ಬಂತು, ನನ್ನ ಹೊಲಿಗೆಯ ಕತ್ತರಿ ಹೋಯಿತು. ಕಲ್ಲಿನ ಸಂದಿಯಲ್ಲಿ ಹುಟ್ಟಿದ ಗಿಡಗಳು ಚಪ್ಪಟೆ ಕುಂಡದಲ್ಲೂ ಹಾಯಾಗಿ ಬೆಳೆದವು, ಅಂದರೆ ಬೆಳೆಯದೆ ಉಳಿದವು. ಇವರು ನಿವೃತ್ತರಾಗಿ ತೋಟದ ಮನೆಗೆ ಬಂದು ಕೂತಾಗ ನಮ್ಮ ಅಂಗಳದಲ್ಲಿ ಮೊಣಕಾಲಿಗೂ ಬಾರದ ಒಂದು ಅಡವಿ ಇತ್ತು.

ಈಗ ನನ್ನದೂ ನಾಲ್ಕು ಮಾತು. ನಮ್ಮ ತೋಟದ ಮನೆ ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯ ಬಾಜೂಕೇ ಇದೆ. ಬಸ್ಸು ಮೂಗಿನ ಮುಂದೆ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಸ್ಟಾಪು ಇರುವುದು ಅತ್ತ ಕ್ರಾಸಿನಲ್ಲಿ. ಅಲ್ಲಿಗೆ ನಡೆದರೆ ನನ್ನ ಮೊಣಕಾಲು ಕಟಕಟ ಎನ್ನುತ್ತದೆ. ಗಾಡಿಯ ಮೇಲೆ ಬಿಟ್ಟು ಬರ್ರಿ ಎಂದರೆ, "ಗಿಡಕ್ಕ ನೀರ ಹಣಸೋ ಹೊತ್ತ ಇದು" ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಎಲ್ಲ ಹೊತ್ತೂ ನೀರು ಹಣಿಸುವ ಹೊತ್ತೇ.

ನನಗೆ ಹೋಗಬೇಕಾದದ್ದು ಗೋಕಾಕದ ಅಕ್ಕನ ಬಳಗಕ್ಕೆ. ಪ್ರತಿ ಸೋಮವಾರ ಅಲ್ಲಿ ಹೆಣ್ಣುಮಕ್ಕಳು ಸೇರಿ ವಚನ ಹಾಡುತ್ತಾರೆ. ತವರಿನಲ್ಲಿ ಅಪ್ಪ ನನಗೆ ಪೇಟಿ ಬಾರಿಸಲು ಕಲಿಸಿದ್ದ. ಮದುವೆಯಲ್ಲಿ ಪಾತ್ರೆ ಪಡಗದ ಜೊತೆ ಆ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದ. ಅತ್ತೆ ಅದನ್ನು ಅಟ್ಟಕ್ಕೆ ಏರಿಸಿದರು, ಅದು ಅಲ್ಲೇ ಉಳಿಯಿತು. ಬಳಗದ ಹಿರಿಯಕ್ಕ ಅಲ್ಲವ್ವನಿಗೆ ಇದು ಹೇಗೋ ಗೊತ್ತಾಗಿ, "ಶ್ರಾವಣ ಸೋಮವಾರ ಪೇಟಿಗೆ ನೀನ ಕುಂಡ್ರಬೇಕವಾ, ಅದಕಿಂತ ಮೊದಲ ಕಲತ ಗಟ್ಟಿ ಆಗು. ನೀ ಬರಲಿಲ್ಲಂದ್ರ ನನ್ನ ಸೊಸಿ ಮಾಲಾ ಬಾರಸ್ತಾಳ" ಎಂದಿದ್ದಳು. ಮಾಲಾ ಬಾರಿಸಿದರೆ ಪೇಟಿಗೆ ನೆಗಡಿಯಾದಂತೆ ಕೇಳುತ್ತದೆ. ನಾನು ಬಾರಿಸಬೇಕು ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ಎಮ್ಮೆಯ ಬೆನ್ನು ತೊಳೆಯುವಾಗಲೂ ಬೆರಳು ಸರಿಗಮ ಆಡುತ್ತಿದ್ದವು. ಎಮ್ಮೆ ತಿರುಗಿ ತಿರುಗಿ ನೋಡುತ್ತಿತ್ತು.

ಹೋದ ವರ್ಷದ ಜಿಟಿಜಿಟಿ ಮಳೆಗೆ ಒಂದು ಅತ್ತಿಯ ಗಿಡ ಬೇರು ಕೊಳೆತು ಸತ್ತಿತು. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಉಂಡು, ಕೈತೊಳೆದು, "ಬೆಂಚ್ ಕಟ್ಟಸ್ತೇನಿ, ಮ್ಯಾಲ ತಗಡ ಹಾಕಸ್ತೇನಿ" ಎಂದು ಶಪಥ ಮಾಡಿದರು. ಆ ಶಪಥ ಈ ವರ್ಷ ಕಾರಹುಣ್ಣಿವೆಯ ಹೊತ್ತಿಗೆ ನಡೆಯಿತು.

ಕೆಲಸ ಹಿಡಿದವನು ಮೂಡಲಗಿಯ ಸಾತಪ್ಪ. ಕಬ್ಬು ಹೇರುವ ಟ್ರಾಲಿ ಮಾಡುವುದರಲ್ಲಿ ಅವನನ್ನು ಸರಿಗಟ್ಟುವವರಿಲ್ಲ. ಅವನ ವರ್ಕ್‌ಶಾಪಿನಲ್ಲಿ ತೊಟ್ಟಿಲು ಮಾಡಿಸಿದರೂ ಹತ್ತು ಟನ್ ಕಬ್ಬು ತಡೆಯುತ್ತದೆ. ನಮ್ಮವರು ಅವನಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸಿ ಹೇಳಿದರು. ಎತ್ತರ ಮೊಣಕಾಲಿನಷ್ಟು ಸಾಕು, ಯಾಕೆಂದರೆ ಮಣೆಯ ಮೇಲೆ ಕೂತು ಗಿಡದ ಕಣ್ಣಿಗೆ ಕಣ್ಣು ಕೊಟ್ಟು ಕತ್ತರಿಸಬೇಕು. ನೀರು ಬಸಿದು ಹೋಗಲು ಹಲಗೆಗಳ ನಡುವೆ ಸಂದು ಬೇಕು. ಮಳೆಗಾಳಿ ಪಡುವಣದಿಂದ ಬರುತ್ತದೆ, ಆದ್ದರಿಂದ ಬೆನ್ನಿಗೆ ತಗಡು. ಮೂಡಣಕ್ಕೆ ಬಯಲು. ತಲೆಯ ಮೇಲೆ ಬೆಳಕು ಬಿಡುವ ಫೈಬರ್ ತಗಡು, ಮುಂದಕ್ಕೆ ಇಳಿಜಾರು. ಇಡುವುದೆಲ್ಲಿ? ಹಿತ್ತಲಲ್ಲಿ ಕಬ್ಬಿನ ನೆರಳು. ಬೆಳಗಿನ ಬಿಸಿಲು ಬೀಳುವುದು ರಸ್ತೆಯಂಚಿನ ಬೇಲಿಯ ಬಳಿ ಮಾತ್ರ. "ಅಲ್ಲೇ ನಿಂದ್ರಸು" ಎಂದರು.

ನನಗೆ ಆಗಲೇ ಅನುಮಾನ ಬರಬೇಕಿತ್ತು. ನನ್ನ ತಲೆಯಲ್ಲಿ ಪೇಟಿ ಕುಣಿಯುತ್ತಿತ್ತು, ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಸಾತಪ್ಪ ಬೆಂಚನ್ನು ಟ್ರಾಕ್ಟರಿನ ಮೇಲೆ ಹೇರಿ ತಂದು, ಕಾಂಕ್ರೀಟು ಹಾಕಿ ನಿಲ್ಲಿಸಿದ. ಹಳದಿ ಕಪ್ಪು ಪಟ್ಟೆಯ ಕಂಬಗಳು, ಕಂಬಕ್ಕೆ ಹೊಳೆಯುವ ಕೆಂಪು ರೇಡಿಯಂ ಪಟ್ಟಿ. ಸೂರಿನ ಹಣೆಗೆ ಒಂದು ಉದ್ದನೆಯ ತಗಡು, ಅದರ ಮೇಲೆ ದಪ್ಪಕ್ಷರದಲ್ಲಿ "ಉಳ್ಳಾಗಡ್ಡಿ ತೋಟ", ಕೆಳಗೆ "ತಾ. ಮೂಡಲಗಿ", ಮೂಲೆಯಲ್ಲಿ ಸಣ್ಣಗೆ "ಕಾಶಿನಾಥ".

ಓದಿಕೊಂಡಿರಲ್ಲ, ಅದೇ ಹೆಸರು. ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ನಮ್ಮ ಅಡ್ಡಹೆಸರು.

"ಇದ್ಯಾಕೋ ಬರದಿ?" ಎಂದರು ನಮ್ಮವರು.

"ಕಾಕಾರ, ಮಾಲಕರ ಹೆಸರು, ಊರು, ತಾಲೂಕು ಇಲ್ಲದ ಒಂದ ಮಾಲೂ ನನ್ನ ವರ್ಕ್‌ಶಾಪ್ ಬಿಟ್ಟ ಹೊರಗ ಹೋಗಿಲ್ರಿ" ಎಂದ ಸಾತಪ್ಪ. "ಕಾರ್ಖಾನಿ ಯಾರ್ಡಿನ್ಯಾಗ ಸಾವಿರ ಟ್ರಾಲಿ ನಿಂತಿರತಾವ, ಹೆಸರಿಲ್ಲಂದ್ರ ಯಾರದಂತ ಗೊತ್ತಾಗಬೇಕು?"

"ಅಲ್ಲೋ, ಇದೇನ ಕಾರ್ಖಾನಿಗೆ ಹೊಕ್ಕೈತೇನ?"

"ಯಾರಿಗೆ ಗೊತ್ತರಿ" ಎಂದು ಸಾತಪ್ಪ ಬೆಂಚನ್ನು ಅಂಗೈಯಿಂದ ತಟ್ಟಿದ. "ಆನಿ ಕುಂತರೂ ಬಗ್ಗಂಗಿಲ್ಲ."

ಆನೆ ಕೂರಲಿಲ್ಲ. ಕೆಂಚವ್ವ ಕೂತಳು.

ಕೆಂಚವ್ವ ಕಬ್ಬಿನ ಕಸ ತೆಗೆಯುವ ಹೆಣ್ಣಾಳುಗಳ ಮುಂದಾಳು. ಮಾರನೆಯ ಬೆಳಿಗ್ಗೆ ತುಂತುರು ಹಿಡಿದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದವಳು ಕಿಟಕಿಯಿಂದ ಇಣುಕಿದರೆ ಬೆಂಚಿನ ತುಂಬ ಹೆಂಗಸರು! ಹಿಂದಿನ ಸಂಜೆ ಇವರು ಸಾಲಾಗಿ ಇಟ್ಟಿದ್ದ ಗಿಡಗಳು ಕಾಣಲಿಲ್ಲ. ಹಿಟ್ಟಿನ ಕೈಯಲ್ಲೇ ಓಡಿದೆ. ಹತ್ತಿರ ಹೋಗಿ ನೋಡಿದರೆ ಒಬ್ಬೊಬ್ಬಳ ಮಡಿಲಲ್ಲೂ ಒಂದೊಂದು ಕುಂಡ. ಕೂಸು ಹಿಡಿದುಕೊಂಡು ದವಾಖಾನೆಯಲ್ಲಿ ಪಾಳಿ ಕಾಯುವವರ ಹಾಗೆ ಕೂತಿದ್ದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ" ಎಂದಳು ಕೆಂಚವ್ವ. "ಕೆಳಗ ಇಟ್ರ ತುಳದಾರಂತ ಉಡಿಯಾಗ ಇಟ್ಕೊಂಡೇವಿ. ಸರಕಾರದವ್ರು ಈ ಸಲ ಸ್ಟಾಪ್ ಭಾಳ ಛಂದ ಮಾಡ್ಯಾರ ನೋಡ್ರಿ, ಗಿಡಾನೂ ಇಟ್ಟಾರ!"

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಡಲಗಿಯಿಂದ ಗೋಕಾಕದ ಮೇಲೆ ಹುಕ್ಕೇರಿಗೆ ಹೋಗುವ ಬಸ್ಸು ಬಂದು ಎದುರಿಗೇ ನಿಂತಿತು. ಡ್ರೈವರ್ ಶಿವಪುತ್ರ ತಲೆ ಹೊರಹಾಕಿ ಬೋರ್ಡು ಓದಿದ. "ಉಳ್ಳಾಗಡ್ಡಿ ತೋಟ. ಹೊಸಾ ಸ್ಟಾಪ್ ಆತೇನ್ರಿ?"

"ಹೂನ್ರಿ!" ಎಂದರು ಎಲ್ಲರೂ ಒಂದೇ ಬಾಯಲ್ಲಿ.

ಗಿಡಗಳನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಹೆಂಗಸರು ಹತ್ತತೊಡಗಿದರು. ಬಾಗಿಲು ನನ್ನ ಮುಖದ ಎದುರಿಗೇ ಇತ್ತು. ಕಂಡಕ್ಟರ್, "ಹತ್ರಿ ಅಕ್ಕಾರ, ಲಗೂ ಹತ್ರಿ" ಎಂದ. ಎಷ್ಟೋ ವರ್ಷ ಮೂಗಿನ ಮುಂದೆ ಹೊಗೆ ಬಿಟ್ಟು ಹೋದ ಬಸ್ಸು ಬಾಗಿಲು ತೆರೆದು ನನ್ನನ್ನು ರೀ ಹಚ್ಚಿ ಕರೆಯುತ್ತಿದೆ. ಬುದ್ಧಿ ಇನ್ನೂ ಅಡುಗೆಮನೆಯಲ್ಲಿತ್ತು, ಕಾಲು ಹತ್ತಿಬಿಟ್ಟವು.

ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ಕಾರ್ಡು ತೋರಿಸಬೇಕು. ನನ್ನ ಕೈಯಲ್ಲಿ ಇದ್ದದ್ದು ಜೋಳದ ಹಿಟ್ಟು. ಕಂಡಕ್ಟರ್ ನನ್ನನ್ನು, ನಾನು ಕಂಡಕ್ಟರನನ್ನು ನೋಡಿದೆವು. ಕೆಂಚವ್ವ ತನ್ನ ಸೊಂಟದ ಚೀಲ ಬಿಚ್ಚಿ ನನ್ನ ಟಿಕೆಟ್ ತೆಗೆಸಿದಳು. ಬಸ್ಸಿನ ಕಿಟಕಿಯಲ್ಲಿ ಕೂತು, ಒಣಗಿದ ಹಿಟ್ಟನ್ನು ಬೆರಳಿನಿಂದ ಉಜ್ಜಿ ಉದುರಿಸುತ್ತ, ನಾನು ಚಿಕ್ಕ ಹುಡುಗಿಯ ಹಾಗೆ ನಕ್ಕೆ. ಯಾಕೆ ನಗುತ್ತಿದ್ದೇನೆಂದು ಕೇಳಿದವರಿಗೂ ನಗು ಬಂತು, ಅವರು ಇಳಿಯುವ ಕಬ್ಬಿನ ಹೊಲ ಬರುವವರೆಗೆ ಹಿಂದಿನ ಸೀಟೆಲ್ಲ ನಗುತ್ತಿತ್ತು.

ಗೋಕಾಕದಲ್ಲಿ ಅಲ್ಲವ್ವನ ಮನೆಗೆ ಹೋಗಿ, ಕೈ ತೊಳೆದು, ಅವಳ ಪೇಟಿಯ ಮುಂದೆ ಕೂತೆ. ಮೊದಲು ಬೆರಳು ತಡವರಿಸಿದವು. ಆಮೇಲೆ ಅಪ್ಪ ಎಲ್ಲಿಂದಲೋ ಬಂದು ಬಾಜೂಕೆ ಕೂತಂತಾಯಿತು, ಬಾರಿಸಿದೆ. ಅಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಲಾ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದಳು. ಅದೂ ನನಗೆ ಸಂಗೀತದ ಹಾಗೆಯೇ ಕೇಳಿಸಿತು.

ಸಂಜೆ ಅದೇ ಬಸ್ಸು ನನ್ನನ್ನು ಮನೆಯ ಎದುರಿಗೇ ಇಳಿಸಿತು. ನಮ್ಮವರು ಸುಟ್ಟ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಎಲ್ಲಿಗೆ ಹೋಗಿದ್ದಿ? ತವಾದ ಮ್ಯಾಲ ರೊಟ್ಟಿ ಇದ್ದಲಿ ಆಗೇತಿ!"

"ಗೋಕಾಕಕ್ಕ" ಎಂದೆ. "ನಿಮ್ಮ ಬೆಂಚಿನಿಂದ ಹತ್ತಿದ್ನಿ."

ಅಂದಿನಿಂದ ಉಳ್ಳಾಗಡ್ಡಿ ತೋಟ ಹೆಸರುವಾಸಿಯಾಯಿತು. ಸುತ್ತಲಿನ ತೋಟದವರೆಲ್ಲ ಕ್ರಾಸಿಗೆ ನಡೆಯುವುದನ್ನು ಬಿಟ್ಟರು. ನಮ್ಮವರು ಮೊದಲು ಕೂಗಾಡಿದರು, ಬೇಲಿಗೆ ಹಗ್ಗ ಕಟ್ಟಿದರು, ಹಗ್ಗದ ಮೇಲೆ ಯಾರೋ ಒದ್ದೆ ಟವೆಲು ಒಣಹಾಕಿದರು. ಕೊನೆಗೆ ಅವರು ಒಡ್ಡಿನ ಮೇಲೆ ನಿಂತು ಗೇಟಿಗೆ ಹುಕುಂ ಮಾಡಿದಂತೆ ಇಲ್ಲಿಯೂ ಹುಕುಂ ಹೊರಡಿಸಿದರು. ಕೂತವರು ಕುಂಡವನ್ನು ಮಡಿಲಲ್ಲಿ ಸಪಾಟಾಗಿ ಹಿಡಿಯಬೇಕು, ಎಲೆ ಕೀಳಬಾರದು, ಎಲೆಯಡಕೆ ಹಾಕಿಕೊಂಡವರು ಆಲದ ಗಿಡ ಮುಟ್ಟಬಾರದು. ಜನ ಎಲ್ಲಕ್ಕೂ ಹೂ ಎಂದರು. ಹೆಂಗಸರಿಗೆ ತಮ್ಮ ತಮ್ಮ ಗಿಡ ಗೊತ್ತಾಗಿಬಿಟ್ಟವು. ಕೆಂಚವ್ವನಿಗೆ ಬಸರಿಯೇ ಬೇಕು. ಬೇರೆಯವಳು ಅದನ್ನು ಎತ್ತಿಕೊಂಡರೆ, "ನನ್ನ ಕೂಸು ಕೊಡ" ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. "ಕಾಕಾ, ಇವಕ್ಕ ಹೊಟ್ಟಿ ತುಂಬ ಕೂಳ ಹಾಕವಲ್ರೇನು?" ಎಂದು ಯಾರಾದರೂ ಕೇಳಿದರೆ ನಮ್ಮವರು ಸಿಟ್ಟು ಮರೆತು ಬೋನ್ಸಾಯ್ ಪುರಾಣ ಬಿಚ್ಚುತ್ತಿದ್ದರು. ಬಸ್ಸು ಬಂದು ಹಾರ್ನು ಹೊಡೆದರೂ ಪುರಾಣ ಮುಗಿಯುತ್ತಿರಲಿಲ್ಲ. ಉಳ್ಳಾಗಡ್ಡಿ ಸಗಟು ಸಿಗುತ್ತದೆಂದು ಚೀಲ ಹಿಡಿದು ಇಳಿದವರೂ ಇದ್ದಾರೆ, ಅವರಿಗೆ ಚಹಾ ಕುಡಿಸಿ ಕಳಿಸಿದ್ದೇನೆ.

ನಾನಂತೂ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೋಮವಾರ ಬಂದರೆ ಗೋಕಾಕ. ಒಮ್ಮೆ ಹುಕ್ಕೇರಿಯ ತಂಗಿ ಶೆಟ್ಟೆವ್ವನ ಮನೆಗೆ ಹೋಗಿ, ಚಹಾ ಕುಡಿದು, ಬಸ್ಸು ತಿರುಗಿ ಬರುವಷ್ಟರಲ್ಲಿ ಅವಳ ಜೊತೆ ಒಂದು ಜಗಳವನ್ನೂ ಮುಗಿಸಿಕೊಂಡು ಬಂದೆ. ಅಟ್ಟದಿಂದ ಪೇಟಿ ಇಳಿಸಿ, ಧೂಳು ಒರೆಸಿ, ಗೋಕಾಕದಲ್ಲಿ ಅದರ ಗಾಳಿಚೀಲ ರಿಪೇರಿ ಮಾಡಿಸಿದೆ. ಮನೆಯಲ್ಲಿ ಬಾರಿಸುವ ಧೈರ್ಯ ಮಾತ್ರ ಬರಲಿಲ್ಲ, ಅತ್ತೆ ಗೋಡೆಯ ಮೇಲಿನ ಫೋಟೋದಿಂದ ನೋಡುತ್ತಾರೆ. ಇವರೂ ಒಮ್ಮೆಯೂ ಕೇಳಲಿಲ್ಲ. ಹೆಂಡತಿ ಏನೋ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬರುತ್ತಾಳೆ ಎಂಬಷ್ಟೇ ಅವರಿಗೆ ಗೊತ್ತು.

ಶ್ರಾವಣ ಹತ್ತಿರ ಬಂದಾಗ ಅನಾಹುತವಾಯಿತು. ಯಾರೋ ದಲಾಲ ಬಸ್ಸಿನಿಂದ ಇಳಿದವನು ಬೆಂಚಿನ ಬಳಿ ಬಂದು ರಪ್ಪನೆ ಕೊಡೆ ಬಿಡಿಸಿದ. ಕೊಡೆಯ ಕಡ್ಡಿ ಬಸರಿಯ ಬಲಗೊಂಬೆಗೆ ಸಿಕ್ಕಿ ಕೊಂಬೆ ಲಟಕ್ಕೆಂದಿತು. ನಮ್ಮವರು ವರ್ಷಾನುಗಟ್ಟಲೆ ತಂತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಹೊಳೆಯ ಕಡೆ ಬಾಗಿದ ಹಾಗೆ ಮಾಡಿದ್ದ ಕೊಂಬೆ ಅದು. ಅವನು "ಸಾರಿ ರಿ" ಎಂದು ಹೋದ. ನಮ್ಮವರು ಕೂಗಲಿಲ್ಲ. ಕೂಗಿದ್ದರೆ ನನಗೆ ಸಮಾಧಾನವಿತ್ತು. ಮುರಿದ ಕೊಂಬೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಳಗೆ ಬಂದು, "ಸೋಮವಾರ ಸಾತಪ್ಪ ಗ್ಯಾಸ್ ಕಟರ್ ತಗೊಂಡ ಬರ್ತಾನ. ಕಿತ್ತಿಸಿ ಹಿತ್ತಲಕ್ಕ ಒಯ್ತೇನಿ" ಎಂದರು.

"ಅಲ್ಲಿ ಬಿಸಲ ಇಲ್ಲಂತೀರಿ."

"ಕಬ್ಬ ಕಡಸ್ತೇನಿ."

"ಸೋಮವಾರ ನಾ ಪೇಟಿಗೆ ಕುಂಡ್ರಬೇಕ್ರಿ. ಶ್ರಾವಣದ ಮೊದಲನೇ ಸೋಮವಾರ."

"ಕ್ರಾಸಿಗೆ ನಡಕೊಂತ ಹೋಗು."

ನನಗೆ ಎಷ್ಟು ಸಿಟ್ಟು ಬಂತೆಂದರೆ ಅಂದು ಸಾರಿಗೆ ಉಪ್ಪು ಹಾಕಲಿಲ್ಲ. ಇವರು ಸುಮ್ಮನೆ ಉಂಡರು. ಆಗ ಸಿಟ್ಟಿನ ಜೊತೆ ದುಃಖವೂ ಬಂತು. ಅವರ ಕೊಂಬೆ ಮುರಿದದ್ದು ನನಗೂ ಕೆಡುಕೆನಿಸಿತ್ತು. ಆದರೆ ಪೇಟಿ ಹೊತ್ತು ಆ ದಾರಿ ನಡೆಯಲು ನನ್ನಿಂದ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಬೆಂಚು ಹೋದರೆ ನಾನು ಮತ್ತೆ ಕಿಟಕಿಯಿಂದ ಬಸ್ಸು ನೋಡುವವಳೇ.

ಸೋಮವಾರ ಬಂತು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಆಳುಗಳಿಗೂ ಬಿಡುವು. ಕೆಂಚವ್ವನ ಗುಂಪು ಗೋಕಾಕಕ್ಕೆ ಹೊರಟು, ಇಳಕಲ್ಲ ಸೀರೆ ಉಟ್ಟು, ಮಡಿಲಲ್ಲಿ ಗಿಡ ಹಿಡಿದು ಸಾಲಾಗಿ ಕೂತಿತ್ತು. ನಾನು ಪೇಟಿ ಇಟ್ಟುಕೊಂಡು ತುದಿಯಲ್ಲಿ ನಿಂತಿದ್ದೆ. ಇದೇ ಕಡೆಯ ಸಲ ಎಂದು ಎಲ್ಲರಿಗೂ ಗೊತ್ತಾಗಿತ್ತು. ಸಾತಪ್ಪ ಆಚೆ ಸಿಲಿಂಡರ್ ಇಳಿಸಿ, "ಎಲ್ಲರೂ ಹತ್ತಿ ಹೋಗ್ಲಿ, ಆಮ್ಯಾಲ ಕೊಯ್ತೇನಿ" ಎಂದು ಬೀಡಿ ಹಚ್ಚಿದ.

ಬಸ್ಸು ಬಂದು ನಿಂತಿತು. ಅದರ ಹಿಂದೆಯೇ ಒಂದು ಜೀಪು. ಜೀಪಿನಿಂದ ಚೆಕಿಂಗ್ ಸಾಹೇಬರು ಇಳಿದರು.

"ಇಲ್ಲಿ ಯಾಕ ನಿಲ್ಲಿಸಿದಿ?" ಎಂದು ಶಿವಪುತ್ರನನ್ನು ಕೇಳಿದರು.

"ಸಾಹೇಬ್ರ, ಬೋರ್ಡ್ ಐತಿ, ಶೆಡ್ ಐತಿ, ಮಂದಿ ಅದಾರ" ಎಂದ ಶಿವಪುತ್ರ.

"ಈ ರಸ್ತಾದಾಗ ನನಗ ಗೊತ್ತಿಲ್ಲದ ಸ್ಟಾಪ್ ಎಲ್ಲಿಂದ ಹುಟ್ತು?" ಸಾಹೇಬರು ಬೋರ್ಡು ಓದಿದರು. "ಕಾಶಿನಾಥ ಅಂದ್ರ ಯಾರು?"

ನಮ್ಮವರು ಮುಂದೆ ಬಂದರು. "ನಾನರಿ."

"ಇದನ್ನ ಯಾತಕ್ಕ ಕಟ್ಟಿಸೀರ್ರಿ? ಗಿಡ ಇಡಾಕ ಅಂದ್ರ ಇಲ್ಲಿ ಬಸ್ ನಿಂದ್ರೋದು ತಪ್ಪು, ನಾ ಈ ಡ್ರೈವರನ ಮ್ಯಾಲ ರಿಪೋರ್ಟ್ ಬರೀಬೇಕಾಗತೈತಿ. ಮಂದಿ ಕುಂಡ್ರಾಕ ಅಂದ್ರ ವಿಚಾರ ಬ್ಯಾರೆ, ಕೋರಿಕಿ ಸ್ಟಾಪ್ ಅಂತ ಮಾಡಿಸಿ ಕೊಡ್ತೇನಿ. ಖರೆ ಹೇಳ್ರಿ."

ನಮ್ಮವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಒಡ್ಡಿನಲ್ಲಿ ನೀರಿನ ಮಟ್ಟವನ್ನು ಒಂದು ಬೆರಳು ಹೆಚ್ಚಿಗೆ ಹೇಳಿದವರಲ್ಲ, ಕಡಿಮೆ ಹೇಳಿದವರಲ್ಲ. ಅವರು ಮೊದಲು ಗಿಡಗಳನ್ನು ನೋಡಿದರು. ಕೆಂಚವ್ವನ ಮಡಿಲಲ್ಲಿ ಒಂದು ಕೈ ಮುರಿದ ಬಸರಿ ಇತ್ತು, ಅದನ್ನು ನೋಡಿದರು. ಆಮೇಲೆ ನನ್ನ ಕೈಯಲ್ಲಿನ ಪೇಟಿ ನೋಡಿದರು, ನನ್ನ ಮೊಣಕಾಲು ನೋಡಿದರು.

"ಮಂದಿ ಕುಂಡ್ರಾಕ ರಿ" ಎಂದರು ನಮ್ಮವರು. "ನಮ್ಮ ಮನಿಯಾಕಿಗೆ ಮೊಣಕಾಲ ನೋವು. ಕ್ರಾಸಿನ ತನಕಾ ನಡಿಯಾಕ ಆಗಂಗಿಲ್ಲ. ಅಕಿ ಸಲುವಾಗಿ ಕಟ್ಟಿಸೇನಿ."

ಸಾತಪ್ಪನ ಬಾಯಿಂದ ಬೀಡಿ ಬಿತ್ತು. ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಸುಳ್ಳೇ ಇರಲಿ, ಅದಕ್ಕಿಂತ ಚಂದದ ಮಾತನ್ನು ಆ ಮನುಷ್ಯ ನನ್ನ ಬಗ್ಗೆ ಹಿಂದೆಂದೂ ಆಡಿರಲಿಲ್ಲ.

ಸಾಹೇಬರು ಬಿಡುವವರಲ್ಲ. "ಹಂಗಾದ್ರ ಈ ಗಿಡ ಯಾರವು? ಸ್ಟಾಪಿನ್ಯಾಗ ಸ್ವಂತದ ಸಾಮಾನ ಇಡಂಗಿಲ್ಲ."

ನಮ್ಮವರ ಮುಖ ಬಿಳಿಚಿತು. ಅಷ್ಟರಲ್ಲಿ ಕೆಂಚವ್ವ ಎದ್ದು ನಿಂತಳು. "ನಮ್ಮವ ರಿ ಸಾಹೇಬ್ರ! ಇವತ್ತ ಅಕ್ಕನ ಬಳಗದಾಗ ಪ್ರಾರ್ಥನಾ ಐತಿ. ಅಲ್ಲಿ ಶೋಭಾಕ ಇಡಾಕಂತ ಒಬ್ಬೊಬ್ಬರು ಒಂದೊಂದ ಒಯ್ಯಾಕತ್ತೇವಿ."

"ಹೌದ್ರಿ, ಹೌದ್ರಿ" ಎಂದಿತು ಇಡೀ ಬೆಂಚು.

"ಹಂಗಾದ್ರ ಹತ್ರಿ ಮತ್ತ, ಹೊತ್ತಾತು" ಎಂದು ಸಾಹೇಬರು, ಟಿಕೆಟ್ ನೋಡಲು ತಾವೂ ಅದೇ ಬಸ್ಸು ಹತ್ತಿಬಿಟ್ಟರು. ಇನ್ನೇನು ಮಾಡುವುದು? ಅತ್ತ ದರಿ, ಇತ್ತ ಪುಲಿ. ಹೆಂಗಸರು ಗಿಡಗಳ ಸಮೇತ ಹತ್ತಿದರು. ಆಲ ಹತ್ತಿತು, ಅರಳಿ ಹತ್ತಿತು, ಬಸರಿ ಹತ್ತಿತು. ಬೆಂಚು ಖಾಲಿಯಾಯಿತು, ಬಸ್ಸು ಹೊರಟಿತು. ನಮ್ಮವರು ರಸ್ತೆಯ ಮೇಲೆ ನಿಂತು, ತಮ್ಮ ಇಡೀ ಅಡವಿ ಗೋಕಾಕಕ್ಕೆ ಹೊರಟಿದ್ದನ್ನು ಒಂದು ಗಳಿಗೆ ನೋಡಿದರು. ಮರುಗಳಿಗೆ ಧೋತರ ಎತ್ತಿಕಟ್ಟಿ ಓಡತೊಡಗಿದರು.

"ಶಿವಪುತ್ರಾ, ನಿಂದ್ರಸೋ! ನಾನೂ ಬರ್ತೇನಿ!"

ಆ ಬಸ್ಸಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ತೆಗೆಸಿದವರು ನಮ್ಮವರೊಬ್ಬರೇ. ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು, ಹಿಂದಿನಿಂದ ಮುಂದಿನವರೆಗೆ ಗಿಡ ಎಣಿಸುತ್ತ, "ಮುಂದ ತಗ್ಗ ಐತಿ, ಸಾವಕಾಶ... ಹಂಪ್ ಐತೋ, ಹಂಪ್!" ಎಂದು ಕೂಗುತ್ತಿದ್ದರು. ಶಿವಪುತ್ರ ಬಸುರಿಯನ್ನು ಕೂರಿಸಿಕೊಂಡವನಂತೆ ಬಸ್ಸು ಓಡಿಸಿದ. ಹಿಂದೆ ಬರುವ ಟ್ರಾಕ್ಟರುಗಳೆಲ್ಲ ಹಾರ್ನು ಹೊಡೆದು ಹೊಡೆದು ನಮ್ಮನ್ನು ದಾಟಿ ಹೋದವು.

"ಮಂದಿ ಗಿಡದ ಚಿಂತಿ ನಿಮಗ್ಯಾಕ್ರಿ?" ಎಂದರು ಸಾಹೇಬರು. ಜಾಗ ಸಾಲದೆ ಯಾರೋ ಅವರ ತೊಡೆಯ ಮೇಲೂ ಅರಳಿಯ ಕುಂಡ ಇಟ್ಟಿದ್ದರು.

"ಹಂಗೇನಿಲ್ರಿ. ಹೆಣ್ಣಮಕ್ಕಳ ಸಾಮಾನ ಪಾಪ..."

ಸಾಹೇಬರು ಅರಳಿಯನ್ನು ತಿರುಗಿಸಿ ನೋಡಿದರು. "ಭಾರೀ ಐತಿ ಬಿಡ್ರಿ. ಇದಕ್ಕ ಎಷ್ಟ ವರ್ಷ ಆಗಿರಬೇಕು?"

"ನನಗೇನ ಗೊತ್ತರಿ" ಎಂದರು ನಮ್ಮವರು. ಹೇಳಿ ತುಟಿ ಕಚ್ಚಿಕೊಂಡರು. ಒಂದು ತಿರುವು ದಾಟಿತು. ಇನ್ನೊಂದು ತಿರುವು ಬರುವಷ್ಟರಲ್ಲಿ ತಡೆಯಲಾಗಲಿಲ್ಲ. "ಇಪ್ಪತ್ತೆರಡ ರಿ! ಒಡ್ಡಿನ ಏಳನೇ ಗೇಟಿನ ಕಲ್ಲಾಗ ಹುಟ್ಟಿದ್ದು!"

ಸಾಹೇಬರು ನಮ್ಮವರನ್ನು ನೋಡಿದರು, ಗಿಡ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ, "ಗಾಳಿ ಭಾಳ ಐತಿ, ಏನೂ ಕೇಳಸವಲ್ದು" ಎಂದರು. ಕೆಂಚವ್ವ ಮೊದಲು ನಕ್ಕಳು. ಆ ನಗು ಗೋಕಾಕದ ಬಸ್ ಸ್ಟ್ಯಾಂಡ್ ಬಂದರೂ ನಿಲ್ಲಲಿಲ್ಲ.

ಸ್ಟ್ಯಾಂಡಿನಿಂದ ಅಕ್ಕನ ಬಳಗದವರೆಗೆ ನಮ್ಮ ಮೆರವಣಿಗೆ. ಜನ ಅಂಗಡಿ ಬಿಟ್ಟು ಹೊರಬಂದು ನೋಡಿದರು. ನಮ್ಮವರು ನನ್ನ ಪೇಟಿಯನ್ನು ಹೆಗಲ ಮೇಲಿಟ್ಟುಕೊಂಡಿದ್ದರು, ನಾನು ಅವರ ಆಲದ ಮರವನ್ನು ಎತ್ತಿಕೊಂಡಿದ್ದೆ. ಎರಡೂ ಭಾರವೇ.

ಅಲ್ಲವ್ವ ಗಿಡಗಳನ್ನೆಲ್ಲ ವೇದಿಕೆಯ ಅಂಚಿಗೆ ಸಾಲಾಗಿ ಇಡಿಸಿದಳು. ನಮ್ಮವರು ಬಸರಿಯನ್ನು ಮಾತ್ರ ಯಾರಿಗೂ ಕೊಡದೆ, ತೊಡೆಯ ಮೇಲಿಟ್ಟುಕೊಂಡು, ಅಷ್ಟೂ ಹೆಂಗಸರ ಹಿಂದೆ ಬಾಗಿಲಿನ ಬಳಿ ಮುದುಡಿ ಕೂತರು. ನಾನು ಪೇಟಿಯ ಮುಂದೆ ಕೂತೆ. ಅವರ ಎದುರು ಎಂದೂ ಬಾರಿಸಿದವಳಲ್ಲ. ಮೊದಲ ಸ್ವರವೇ ತಪ್ಪಿತು, ಮಾಲಾ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಕಣ್ಣು ಮುಚ್ಚಿ ಮತ್ತೆ ಹಿಡಿದೆ. ಆಮೇಲೆ ಬೆರಳು ನನ್ನ ಮಾತು ಕೇಳುವುದನ್ನು ಬಿಟ್ಟು ತಾವೇ ಓಡಿದವು. ಹೆಂಗಸರು ವಚನ ಎತ್ತಿಕೊಂಡರು. ಸಭೆಯೆಲ್ಲ ಹಾಡಿತು.

ಹಾಡು ಮುಗಿಯಿತು. ಗಾಳಿಚೀಲ ಉಸಿರು ಬಿಟ್ಟು ಮಲಗಿತು. ಬಾಗಿಲ ಕಡೆಯಿಂದ ಒಂದು ಗಂಡು ದನಿ ಕೇಳಿಸಿತು.

"ಇನ್ನೊಂದ."

ಹೆಂಗಸರೆಲ್ಲ ತಿರುಗಿ ನೋಡಿದರು. ನಮ್ಮವರ ಕಣ್ಣಿನಿಂದ ನೀರು ಇಳಿದು ಬಸರಿಯ ಕುಂಡಕ್ಕೆ ಬೀಳುತ್ತಿತ್ತು, ಅದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ರೊಟ್ಟಿ, ಇನ್ನೊಂದು ಕಪ್ ಚಹಾ ಎಂದು ಕೇಳಿದ್ದನ್ನು ಬಿಟ್ಟರೆ ಅವರ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಸೆರಗು ಸರಿಮಾಡಿಕೊಂಡು ಬಾರಿಸಿದೆ.